ಪ್ಯೂರ್ ಡೇಟಾದಲ್ಲಿ ಆಬ್ಜೆಕ್ಟ್ ಸೃಷ್ಟಿ: ಕಟ್ಟುವ ಹೊತ್ತು, ನುಡಿಸುವ ಹೊತ್ತು

ಮಿಲ್ಲರ್ ಪಕೆಟ್ 1980ರ ದಶಕದಲ್ಲಿ ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯಲ್ಲಿದ್ದಾಗ ಮ್ಯಾಕ್ಸ್ ಎಂಬ ಸಂಗೀತ ತಂತ್ರಾಂಶವನ್ನು ರೂಪಿಸಿದರು. 1990ರ ದಶಕದಲ್ಲಿ ಅದೇ ವಿಚಾರವನ್ನು ಹೊಸದಾಗಿ ಕಟ್ಟಿ ಪ್ಯೂರ್ ಡೇಟಾ ಎಂದು ಹೆಸರಿಟ್ಟರು. ಎರಡರಲ್ಲೂ ಪ್ರೋಗ್ರಾಂ ಬರೆಯುವುದೆಂದರೆ ಪರದೆಯ ಮೇಲೆ ಪೆಟ್ಟಿಗೆಗಳನ್ನಿಟ್ಟು ತಂತಿ ಎಳೆಯುವುದು; ಹೀಗೆ ಕಟ್ಟಿದ್ದೇ ಪ್ಯಾಚ್. ಈ ಕೆಲಸವನ್ನು ಪ್ಯಾಚ್ ತಾನೇ ಮಾಡಿಕೊಂಡರೆ ಅದು ಡೈನಾಮಿಕ್ ಪ್ಯಾಚಿಂಗ್. ಪ್ಯೂರ್ ಡೇಟಾದ ಮಟ್ಟಿಗೆ ಈ ವಿಧಾನ ಸಲ್ಲುವುದು ಪ್ಯಾಚ್ ಕಟ್ಟುವ ಹೊತ್ತಿಗೆ; ನುಡಿಸುವ ಹೊತ್ತಿಗೆ ಬೇರೆ ದಾರಿ ಬೇಕು ಎಂಬುದು ನನ್ನ ವಾದ.

ಉಳಿಸಿದ ಪ್ಯಾಚ್ ಒಂದು ಸಾದಾ ಪಠ್ಯ ಕಡತ. ಯಾವ ಪೆಟ್ಟಿಗೆ ಎಲ್ಲಿರಬೇಕು, ಯಾವುದಕ್ಕೆ ಯಾವುದು ಜೋಡಣೆ ಎಂಬ ಸಂದೇಶಗಳು ಅದರಲ್ಲಿ ಸಾಲಾಗಿರುತ್ತವೆ. ಕಡತ ತೆರೆಯುವುದೆಂದರೆ ಆ ಸಂದೇಶಗಳನ್ನು ಪೆಟ್ಟಿಗೆಗಳು ಕೂರುವ ಕ್ಯಾನ್ವಾಸಿಗೆ ಒಂದೊಂದಾಗಿ ಕಳಿಸುವುದು. ಅವೇ ಸಂದೇಶಗಳನ್ನು ಓಡುತ್ತಿರುವ ಉಪಪ್ಯಾಚ್‌ಗೂ, ಅಂದರೆ ಪ್ಯಾಚ್‌ನೊಳಗಿನ ಪ್ಯಾಚ್‌ಗೂ, ಕಳಿಸಬಹುದು. 'ಆಬ್ಜ್ 50 50 ಆಸ್ಕ್~ 440' ಎಂದರೆ 440 ಹರ್ಟ್ಸ್‌ನ ಆಸಿಲೇಟರ್ ಮೂಡುತ್ತದೆ. 'ಕನೆಕ್ಟ್ 0 0 1 0' ಎಂದರೆ ಮೊದಲ ಪೆಟ್ಟಿಗೆಯ ಮೊದಲ ಔಟ್‌ಲೆಟ್ ಎರಡನೆಯದರ ಮೊದಲ ಇನ್‌ಲೆಟ್‌ಗೆ ಸೇರುತ್ತದೆ. ಆಬ್ಜೆಕ್ಟ್ ಸೃಷ್ಟಿಸುವ ಈ ಶಕ್ತಿ ಕಡತ ಓದುವ ಕ್ರಮದಲ್ಲೇ ಅಡಗಿದೆ. ಪ್ಯೂರ್ ಡೇಟಾದ ಅತ್ಯಂತ ಸುಂದರವಾದ ಗುಣ ಇದೇ ಎಂದು ನನಗನಿಸುತ್ತದೆ.

ತೊಡಕೂ ಇದೇ ಮೂಲದಿಂದ ಬರುತ್ತದೆ. ಪೆಟ್ಟಿಗೆಯ ಗುರುತು ಕ್ಯಾನ್ವಾಸಿನಲ್ಲಿ ಅದರ ಸರದಿ ಸಂಖ್ಯೆ ಮಾತ್ರ. ಟಿಪ್ಪಣಿಯ ಸಾಲೂ ಎಣಿಕೆಗೆ ಸೇರುತ್ತದೆ. ಮೇಲಿನದೊಂದನ್ನು ಅಳಿಸಿದರೆ ಅದರ ನಂತರದ ಸಂಖ್ಯೆಗಳೆಲ್ಲ ಜಾರುತ್ತವೆ, ಆಮೇಲೆ ಕಳಿಸಿದ 'ಕನೆಕ್ಟ್' ತಪ್ಪು ಪೆಟ್ಟಿಗೆಗೆ ಹೋಗಿ ಕೂರುತ್ತದೆ. ಉಪಪ್ಯಾಚ್‌ನಲ್ಲಿ ಹುಟ್ಟಿದವು ಮುಖ್ಯ ಕಡತದ ಜೊತೆ ಉಳಿಯುವುದರಿಂದ, ಮುಂದಿನ ಸಲ ತೆರೆದಾಗ ಒಂದರ ಮೇಲೊಂದು ಎರಡೆರಡು ಪ್ರತಿಗಳಾಗುತ್ತವೆ. ಆದಕಾರಣ ಮೊದಲು 'ಕ್ಲಿಯರ್' ಕಳಿಸುವುದು ರೂಢಿ. ಹೀಗೆ ಸೃಷ್ಟಿಯಾದ ಅಬ್‌ಸ್ಟ್ರಾಕ್ಷನ್ನಿನೊಳಗಿನ (ಬೇರೆ ಕಡತದಿಂದ ಪೆಟ್ಟಿಗೆಯಾಗಿ ಬಂದ ಪ್ಯಾಚ್‌ನೊಳಗಿನ) ಲೋಡ್‌ಬ್ಯಾಂಗ್, ಅಂದರೆ ಕಡತ ತೆರೆದೊಡನೆ ಚಾಲನೆ ಕೊಡುವ ಪೆಟ್ಟಿಗೆ, ತಾನಾಗಿ ಚಾಲನೆಗೊಳ್ಳದು. ಕ್ಯಾನ್ವಾಸಿಗೆ 'ಲೋಡ್‌ಬ್ಯಾಂಗ್' ಸಂದೇಶವನ್ನೂ ಬೇರೆಯಾಗಿ ಕಳಿಸಬೇಕು.

ಧ್ವನಿಯ ವಿಷಯದಲ್ಲಿ ಬೆಲೆ ಇನ್ನೂ ಹೆಚ್ಚು. ಪ್ಯೂರ್ ಡೇಟಾ ಸಾಮಾನ್ಯವಾಗಿ 64 ಸ್ಯಾಂಪಲ್‌ಗಳನ್ನು ಒಂದು ಕಂತಿನಲ್ಲಿ ಲೆಕ್ಕಹಾಕುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ ಎಂದರೆ ಒಂದು ಕಂತಿಗೆ ಸಿಗುವುದು ಸುಮಾರು 1.45 ಮಿಲಿಸೆಕೆಂಡ್. ಧ್ವನಿಯ ತಂತಿಯೊಂದನ್ನು ಜೋಡಿಸಿದಾಗಲೆಲ್ಲ ಇಡೀ ಧ್ವನಿಜಾಲದ ಲೆಕ್ಕದ ಕ್ರಮ ಮತ್ತೆ ನಿರ್ಧಾರವಾಗುತ್ತದೆ. 16 ಸ್ವರಗಳಿಗೆ ತಲಾ ನಾಲ್ಕು ತಂತಿ ಎಂದರೆ 64 ಸಲ. ಜಾಲ ದೊಡ್ಡದಿದ್ದರೆ ಬಫರಿನಲ್ಲಿದ್ದ ಧ್ವನಿ ಅಷ್ಟರಲ್ಲಿ ಮುಗಿದು ಕೇಳುಗರಿಗೆ 'ಟಕ್' ಎಂಬ ಸದ್ದು ಕೇಳುತ್ತದೆ. ಡಿಎಸ್‌ಪಿಯನ್ನು, ಅಂದರೆ ಧ್ವನಿಯ ಲೆಕ್ಕವನ್ನು, ನಿಲ್ಲಿಸಿ, ಎಲ್ಲವನ್ನೂ ಕಟ್ಟಿ, ಮತ್ತೆ ಚಾಲೂ ಮಾಡಿದರೆ ಈ ಮರುಜೋಡಣೆ ಒಂದೇ ಸಲ ನಡೆಯುತ್ತದೆ. ಕಛೇರಿ ಶುರುವಾಗುವ ಮುನ್ನ ಅದು ಸರಿ, ನಡುವೆ ಆಗದು.

2016ರಲ್ಲಿ 0.47ನೇ ಆವೃತ್ತಿಯೊಂದಿಗೆ ಬಂದ 'ಕ್ಲೋನ್' ನುಡಿಸುವ ಹೊತ್ತಿನ ಅಗತ್ಯವನ್ನು ಬಹುಮಟ್ಟಿಗೆ ಪೂರೈಸಿತು. ಒಂದು ಅಬ್‌ಸ್ಟ್ರಾಕ್ಷನ್ನಿನ ಹೇಳಿದಷ್ಟು, ಉದಾಹರಣೆಗೆ 16, ಪ್ರತಿಗಳನ್ನು ಅದು ಮೊದಲೇ ಮಾಡಿಡುತ್ತದೆ. 'ನೆಕ್ಸ್ಟ್' ಎಂದರೆ ಸಂದೇಶ ಸರದಿಯ ಪ್ರತಿಗೆ ಹೋಗುತ್ತದೆ. ಪ್ರತಿಯೊಂದರೊಳಗೆ 'ಸ್ವಿಚ್~' ಇಟ್ಟರೆ ಸುಮ್ಮನಿರುವ ಸ್ವರ ಪ್ರೊಸೆಸರನ್ನು ದಣಿಸುವುದಿಲ್ಲ.

ನುಡಿಸುವುದೇ ಪ್ಯಾಚ್ ಕಟ್ಟುವುದಾದ ವಾದ್ಯಗಳಿಗೆ ಮಾತ್ರ ಇಷ್ಟು ಸಾಲದು. ಬಾರ್ಸಿಲೋನಾದ ಪಾಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ರಿಯಾಕ್ಟೇಬಲ್‌ನಲ್ಲಿ ಮೇಜಿನ ಮೇಲಿನ ಬಿಲ್ಲೆಗಳನ್ನು ಸರಿಸಿದಂತೆ ಧ್ವನಿಜಾಲದ ಸಂಬಂಧಗಳೇ ಬದಲಾಗುತ್ತವೆ. ಎಷ್ಟು ಪ್ರತಿ ಬೇಕೆಂದು ಮೊದಲೇ ಎಣಿಸಿಡಬಹುದು, ಯಾವುದು ಯಾವುದಕ್ಕೆ ಸೇರುತ್ತದೆಂದು ಹೇಳಲಾಗದು. ಮ್ಯಾಕ್ಸ್‌ನಲ್ಲಿ ಪೆಟ್ಟಿಗೆಗೊಂದು ಹೆಸರು ಕೊಟ್ಟು, 'ದಿಸ್‌ಪ್ಯಾಚರ್' ಮೂಲಕ ಅದೊಂದನ್ನೇ ಜೋಡಿಸಬಹುದು, ಅಳಿಸಬಹುದು. ಸರದಿ ಬದಲಾದರೂ ಕೆಡದ ಇಂಥದೊಂದು ಗುರುತು, ಬದಲಾದ ಭಾಗವನ್ನಷ್ಟೇ ಮರುಜೋಡಿಸುವ ಕ್ರಮ, ಇವೆರಡೂ ಪ್ಯೂರ್ ಡೇಟಾಗೆ ಬಂದರೆ ಮೇಲಿನ ವಾದವನ್ನು ನಾನೇ ಸಂತೋಷದಿಂದ ಹಿಂತೆಗೆದುಕೊಳ್ಳುತ್ತೇನೆ.