ಜಪಾನಿನಲ್ಲಿ ವಿಪತ್ತಿನ ಪಾಠ ಆಟಕ್ಕಿಳಿದ ಬಗೆ

1995ರ ಜನವರಿ 17ರ ಬೆಳಗಿನ 5.46ಕ್ಕೆ ಜಪಾನಿನ ಕೋಬೆ ನಗರ ಕುಸಿಯಿತು. ಆ ಭೂಕಂಪದಲ್ಲಿ ಸತ್ತವರು 6,434 ಮಂದಿ. ವಿಪತ್ತು ಶಿಕ್ಷಣದ ದಿಕ್ಕು ಬದಲಿಸಿದ್ದು ಮಾತ್ರ ಬದುಕಿದವರ ಲೆಕ್ಕ. ಅವಶೇಷಗಳಡಿ ಸಿಲುಕಿ ಬೇರೆಯವರ ಕೈಗಾಗಿ ಕಾಯುತ್ತಿದ್ದವರು ಸುಮಾರು 35,000 ಎಂಬುದು ಒಂದು ಅಂದಾಜು. ಅವರಲ್ಲಿ 27,000ದಷ್ಟು ಜನರನ್ನು ಹೊರಗೆಳೆದವರು ಮನೆಯವರು ಮತ್ತು ನೆರೆಹೊರೆಯವರು. ಅಗ್ನಿಶಾಮಕ ದಳ, ಪೊಲೀಸರು, ಸೈನಿಕರು ಸೇರಿ ತೆಗೆದದ್ದು ಉಳಿದವರನ್ನು.

ಅಣಕು ಕಾರ್ಯಾಚರಣೆ ಆ ದೇಶಕ್ಕೆ ಹೊಸದಾಗಿರಲಿಲ್ಲ. 1923ರ ಕಾಂಟೊ ಭೂಕಂಪ ನಡೆದ ಸೆಪ್ಟೆಂಬರ್ 1ನ್ನು ಅಲ್ಲಿ 1960ರಿಂದಲೇ ವಿಪತ್ತು ತಡೆ ದಿನವೆಂದು ಆಚರಿಸುತ್ತಾರೆ. ಸೂಚನೆ ಬಂದರೆ ಮೇಜಿನಡಿ ಕೂರಬೇಕು, ಸಾಲಾಗಿ ಮೈದಾನಕ್ಕೆ ನಡೆಯಬೇಕು. ನಮ್ಮ ಶಾಲೆಗಳ ಕೆರೆ-ದಡ ಆಟದಲ್ಲಿ ಮೇಷ್ಟ್ರು ಕೂಗಿದ್ದಕ್ಕೆ ಮಕ್ಕಳು ಜಿಗಿಯುವ ಹಾಗೆ, ಇಲ್ಲಿ ಮೈ ಆಜ್ಞೆಗೆ ಪಳಗುತ್ತದೆ. ಅದು ಬೇಕು. ಆದರೆ ಕೋಬೆಯ ಆ ಬೆಳಿಗ್ಗೆ ಬೀದಿಬೀದಿಯಲ್ಲಿ ಆಜ್ಞೆ ಕೊಡುವವರೇ ಇರಲಿಲ್ಲ. ಪಕ್ಕದ ಮನೆಯ ತೊಲೆಯನ್ನು ಯಾವುದರಿಂದ ಎತ್ತುವುದು, ಮೊದಲು ಯಾರನ್ನು ಹೊರುವುದು ಎಂಬುದನ್ನು ಜನರೇ ನಿರ್ಧರಿಸಬೇಕಿತ್ತು.

ಮುಂದೆ ಬಂದ ಒಳ್ಳೆಯ ಆಟಗಳಲ್ಲಿ ಹಲವು ಹುಟ್ಟಿದ್ದು ಈ ಅನುಭವದಿಂದ. 1997ರಲ್ಲಿ ಮಿಎ ಪ್ರಾಂತ್ಯದಲ್ಲಿ 'ಡಿಗ್' ಎಂಬ ನಕ್ಷೆಯಾಟ ರೂಪುಗೊಂಡಿತು. ತಮ್ಮೂರಿನ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಕಿರಿದಾದ ಓಣಿ, ನೆರವು ಬೇಕಾದವರ ಮನೆ, ಉಪಯೋಗಕ್ಕೆ ಬರುವ ಜಾಗಗಳನ್ನು ಊರವರೇ ಗುರುತಿಸುತ್ತಾರೆ. 2004ರ ಸುಮಾರಿಗೆ ಯಮೋರಿ ಕತ್ಸುಯಾ ಮತ್ತು ಸಂಗಡಿಗರು 'ಕ್ರಾಸ್‌ರೋಡ್' ಎಂಬ ಕಾರ್ಡಿನಾಟ ರಚಿಸಿದರು. ಕೋಬೆ ನಗರಾಡಳಿತದ ನೌಕರರನ್ನು ಮಾತಾಡಿಸಿ, ಅವರು ಆ ದಿನಗಳಲ್ಲಿ ಎದುರಿಸಿದ ಇಕ್ಕಟ್ಟುಗಳನ್ನೇ ಕಾರ್ಡುಗಳಾಗಿಸಿದರು. ಆಶ್ರಯ ಕೇಂದ್ರದಲ್ಲಿ 3,000 ಜನರಿದ್ದಾರೆ, ಊಟ ಬಂದಿರುವುದು 2,000 ಮಂದಿಗೆ. ಹಂಚುತ್ತೀರಾ, ಇಲ್ಲವಾ? ಎಲ್ಲರೂ ಒಟ್ಟಿಗೆ ಉತ್ತರ ತೋರಿಸಬೇಕು. ಬಹುಮತದ ಕಡೆಯವರಿಗೆ ನೀಲಿ ದಿಂಬಿನ ಚೀಟಿ. ಎಲ್ಲರಿಗೂ ಎದುರಾಗಿ ಒಬ್ಬರೇ ನಿಂತಿದ್ದರೆ ಅವರಿಗೆ ಚಿನ್ನದ ಬಣ್ಣದ್ದು. ಸರಿಯುತ್ತರವೆಂಬುದು ಕಾರ್ಡಿನ ಹಿಂದೆ ಬರೆದಿಲ್ಲ. ಒಂಟಿ ದನಿಗೇ ಹೆಚ್ಚಿನ ಬೆಲೆ ಕಟ್ಟಿದ ಈ ನಿಯಮ ಇಡೀ ಕ್ಷೇತ್ರದಲ್ಲೇ ನನಗೆ ಅತ್ಯಂತ ಪ್ರಿಯವಾದದ್ದು.

ಮಕ್ಕಳನ್ನು ದೊಡ್ಡ ಸಂಖ್ಯೆಯಲ್ಲಿ ಸೆಳೆದದ್ದು 2005ರಲ್ಲಿ ಕೋಬೆಯಲ್ಲಿ ಶುರುವಾದ 'ಇಜಾ! ಕಾಎರು ಕ್ಯಾರವಾನ್'. ನಗಾತಾ ಹಿರೊಕಾಜು ಮತ್ತು ಕಲಾವಿದ ಫುಜಿ ಹಿರೊಶಿ ಇದನ್ನು ಕಟ್ಟಿದರು. ಮಗು ತನಗೆ ಬೇಡವಾದ ಆಟಿಕೆ ತಂದು ಅಂಕ ಪಡೆಯುತ್ತದೆ, ಪಂದ್ಯಗಳಲ್ಲಿ ಸೇರಿ ಇನ್ನಷ್ಟು ಗಳಿಸುತ್ತದೆ, ಆ ಅಂಕಕ್ಕೆ ಬೇರೆ ಆಟಿಕೆ ಒಯ್ಯುತ್ತದೆ. ಪಂದ್ಯಗಳು ಯಾವುವು? ಕಪ್ಪೆಗೊಂಬೆಯನ್ನು ಕಂಬಳಿಯಲ್ಲಿ ಹೊತ್ತು ಗಡಿಯಾರದ ಎದುರು ಓಡುವುದು, ಸಾಲಾಗಿ ನಿಂತು ಬಕೆಟ್ ದಾಟಿಸುವುದು, ಬೆಂಕಿ ಆರಿಸುವ ಸಿಲಿಂಡರಿನಿಂದ ಗುರಿಗೆ ನೀರು ಹೊಡೆಯುವುದು, ಭಾರದಡಿ ಸಿಕ್ಕಿದವರನ್ನು ಕಾರಿನ ಜಾಕ್‌ನಿಂದ ಬಿಡಿಸುವುದು. ಈ ಜಾಕ್ ಯಾರೋ ಕಲ್ಪಿಸಿಕೊಂಡ ಸಲಕರಣೆಯಲ್ಲ. ಕೋಬೆಯ ಜನ ಕೈಗೆ ಸಿಕ್ಕ ಕಾರುಗಳಿಂದ ಜಾಕ್ ತೆಗೆದು ತೊಲೆ ಎತ್ತಿದ್ದರು. ಇಂಡೊನೇಷ್ಯಾ ಸೇರಿದಂತೆ ಹೊರದೇಶಗಳಿಗೂ ಈ ಕ್ಯಾರವಾನ್ ಹೋಯಿತು. ಜಪಾನಿನ ಊರೂರಿನ ಕ್ರೀಡಾಕೂಟಗಳಲ್ಲೂ ಇಂಥ ಪಂದ್ಯಗಳು ಸೇರಿಕೊಂಡವು. ವಿಶ್ವಸಂಸ್ಥೆ 2007ರಲ್ಲಿ ತಂದ 'ಸ್ಟಾಪ್ ಡಿಸಾಸ್ಟರ್ಸ್' ಎಂಬ ಕಂಪ್ಯೂಟರ್ ಆಟ ದೂರ ಹರಡಿತಾದರೂ ನೆರೆಯವರ ಮುಖಪರಿಚಯವನ್ನು ಅದು ಮಾಡಿಸಲಾರದು.

ಸೂಚನೆಯಾಚೆ ಯೋಚಿಸುವುದರ ಬೆಲೆ 2011ರಲ್ಲಿ ಮತ್ತೆ ಕಂಡಿತು. ಆ ವರ್ಷದ ಮಾರ್ಚ್ 11ರ ಸುನಾಮಿಯಲ್ಲಿ ಜಪಾನಿನ ಕಾಮೈಶಿ ಊರಿನ ಉನೊಸುಮಾಯಿ ಭಾಗದ ಶಾಲಾ ಮಕ್ಕಳು ಮೊದಲೇ ಗೊತ್ತುಮಾಡಿದ್ದ ಜಾಗದಲ್ಲಿ ನಿಲ್ಲದೆ ಇನ್ನೂ ಎತ್ತರಕ್ಕೆ ಓಡಿ ಉಳಿದರು. ದೊಡ್ಡ ಮಕ್ಕಳು ಚಿಕ್ಕವರ ಕೈಹಿಡಿದಿದ್ದರು. ಗೊತ್ತುಮಾಡಿದ್ದ ಆ ಜಾಗ ನೀರಿಗೆ ಸಿಕ್ಕಿತು. ಆ ಶಾಲೆಗಳಿದ್ದ ನೆಲದಲ್ಲೇ ಈಗ ಕ್ರೀಡಾಂಗಣವಿದೆ. 2019ರ ರಗ್ಬಿ ವಿಶ್ವಕಪ್‌ನಲ್ಲಿ ಫಿಜಿ ಮತ್ತು ಉರುಗ್ವೆ ಆಡಿದ್ದು ಇಲ್ಲೇ. ಇಲ್ಲಿನ ಎರಡನೆಯ ಪಂದ್ಯ ಚಂಡಮಾರುತದಿಂದ ರದ್ದಾದಾಗ ಕೆನಡಾದ ಆಟಗಾರರು ಬೀದಿಗಿಳಿದು ಕೆಸರು ತೆಗೆದರು.

ಓಟವೇ ಆ ಸುನಾಮಿಯ ಸ್ಮರಣೆಯಾದ ಊರುಗಳೂ ಇವೆ. ಒನಗಾವಾದಲ್ಲಿ 2013ರಿಂದ, ಕಾಮೈಶಿಯ ಸೆಂಜುಯಿನ್ ದೇವಾಲಯದಲ್ಲಿ 2014ರಿಂದ ಜನ ಗುಡ್ಡದತ್ತ ಪಂದ್ಯ ಕಟ್ಟಿ ಓಡುತ್ತಾರೆ. ಸೆಂಜುಯಿನ್‌ನ ಓಟ 286 ಮೀಟರ್, ಏರು 26 ಮೀಟರ್. ಎಲ್ಲಿಗೆ ಓಡಬೇಕೆಂಬುದನ್ನು ಫಲಕ ಓದಿ ನೆನಪಿಡುವುದಕ್ಕೂ ಏದುಸಿರು ಬಿಟ್ಟು ಕಾಲಿನಲ್ಲಿ ನೆನಪಿಡುವುದಕ್ಕೂ ಬಹಳ ಅಂತರವಿದೆ.

ಆದರೂ ನನ್ನ ತಕರಾರು ಇಲ್ಲೇ ಇರುವುದು. 2011ರಲ್ಲಿ ಸತ್ತವರಲ್ಲಿ ಮೂರರಲ್ಲಿ ಸುಮಾರು ಎರಡು ಪಾಲು 60 ದಾಟಿದವರು. ಗೆದ್ದವರನ್ನು ಗುರುತಿಸುವ ಓಟ ಅವರನ್ನು ಒಳಗೊಳ್ಳುವುದಿಲ್ಲ. ಅವರಿಗೂ ಜಾಗವಿರುವ ಆಟ ಅದಕ್ಕೂ ಮೊದಲೇ ಇತ್ತು. ಶಿಜುಓಕಾ ಪ್ರಾಂತ್ಯ 2007ರಲ್ಲಿ ರೂಪಿಸಿದ 'ಹಗ್' ಎಂಬ ಆಟದ ಒಂದೊಂದು ಕಾರ್ಡಿನಲ್ಲೂ ಆಶ್ರಯ ಕೇಳಿ ಬಂದವರ ವಯಸ್ಸು, ಕಾಯಿಲೆ, ಕಷ್ಟ ಬರೆದಿರುತ್ತದೆ. ಹಾಸಿಗೆ ಹಿಡಿದ ಅಜ್ಜಿಯನ್ನು ಶಾಲೆಯ ನಕ್ಷೆಯಲ್ಲಿ ಎಲ್ಲಿ ಮಲಗಿಸುವುದು, ಶೌಚಾಲಯಕ್ಕೆ ಎಷ್ಟು ದೂರ ಎಂದು ಆಡುವವರು ತಡಮಾಡದೆ ತೀರ್ಮಾನಿಸಬೇಕು. ಹಗ್ ಆಡಿಸುವವರು ಒಳಾಂಗಣದಲ್ಲಿ, ಓಟ ನಡೆಸುವವರು ಬಯಲಿನಲ್ಲಿ ಬೇರೆಬೇರೆಯಾಗಿ ಉಳಿಯಬಾರದು. ಕ್ರೀಡಾಕೂಟದ ಮೈದಾನದ ಅಂಚಿನಲ್ಲೇ ಈ ಕಾರ್ಡುಗಳ ಮೇಜು ಹಾಕಬೇಕು. ಓಡಲಾಗದ ಹಿರಿಯರು ಆ ಮೇಜಿನ ಸುತ್ತ ಕೂತು, ಓಡಿ ಬಂದ ಹುಡುಗರಿಗೆ ತಮ್ಮನ್ನು ಮನೆಯಿಂದ ಹೇಗೆ ಹೊರಡಿಸಬೇಕೆಂದು ತಾವೇ ಹೇಳಿಕೊಡಬೇಕು.