ಮಾವನವರ ಜನತಾ ವಾಚು

ನಮ್ಮ ಮಾವನವರ ಟ್ರಂಕಿನ್ಯಾಗ ಅವರ ವಾಚು ಸಿಕ್ಕೈತಿ. ಮ್ಯಾಲೆ ಎಚ್‌ಎಂಟಿ, ಕೆಳಗ ಜನತಾ, 17 ಜ್ಯುವೆಲ್ಸ್ ಅಂತ ಬರದೈತಿ. ಜ್ಯುವೆಲ್ ಅಂದ ಕೂಡಲೆ ನಮ್ಮ ಮೈದುನರ ಕಣ್ಣು ಅರಳಿದ್ವು! ಹಂಗೇನಿಲ್ರೆವಾ, ಒಳಗಿನ ಗಾಲಿ ಸವೀಬಾರದಂತ ಕೂಡಿಸಿರೋ ಸಣ್ಣ ಕೃತಕ ಮಾಣಿಕ್ಯದ ಹರಳು ಅವು.

ಇದು ಹುಟ್ಟಿದ್ದು ನಮ್ಮ ಬೆಂಗಳೂರಾಗ. ಲೇಥ್ ಮಷೀನ್ ಮಾಡೂ ಸರಕಾರಿ ಕಂಪನಿ ಎಚ್‌ಎಂಟಿ, ಜಪಾನಿನ ಸಿಟಿಜನ್ ಕಂಪನಿ ಜೋಡಿ ಕೂಡಿ 1961ರೊಳಗ ಅಲ್ಲಿ ವಾಚಿನ ಕಾರ್ಖಾನಿ ಹಾಕ್ತು. ಅದಕ್ಕೂ ಮುಂಚೆ ಒಳ್ಳೆ ವಾಚು ಅಂದ್ರ ಹೊರದೇಶದ್ದು. ಆಮ್ಯಾಲೆ ಮಾಸ್ತರು, ಕಾರಕೂನರ ಕೈಯಾಗೂ ವಾಚು ಬಂತು. ಮದುವ್ಯಾಗ ಅಳಿಯಗ ಎಚ್‌ಎಂಟಿ ಕೊಡೂದು ಮರ್ಯಾದಿ ಆತು. ಮುಂದ ತುಮಕೂರಾಗೂ ಕಾರ್ಖಾನಿ ಆತು. ಸೆಲ್ಲಿನ ವಾಚು ಬಂದ ಮ್ಯಾಲೆ ದಿನಾ ಚಾವಿ ಕೊಡೂದು ಯಾರಿಗೆ ಬೇಕು? 2016ರಾಗ ಕೇಂದ್ರ ಸರಕಾರ ವಾಚಿನ ಕಂಪನಿ ಮುಚ್ಚೂದಂತ ತೀರ್ಮಾನ ಮಾಡ್ತು.

ಈಗ ಹಳೇ ಜನತಾಕ್ಕ ಮತ್ತ ಗಿರಾಕಿ ಅದಾರ. ಹಳೇ ಮಷೀನಿಗೆ ಹೊಸಾ ಬಣ್ಣದ ಡಯಲ್ ಕೂಡಿಸಿ ಮಾರಾವ್ರೂ ಅದಾರ. ನಮ್ಮದರ ಡಯಲ್ ಹಳದಿಗಟ್ಟೈತಿ, ಇರಲಿ. ಅದನ್ನ ಮುಟ್ಟಬ್ಯಾಡ, ಮಷೀನು ತೊಳದು ಎಣ್ಣಿ ಬಿಡು ಸಾಕು ಅಂತ ರಿಪೇರಿಯವಗ ಹೇಳೇನಿ.

ಗಂಡಸರ ವಾಚು, ಗಂಡುಮಕ್ಕಳಿಗೇ ಹೋಗಲಿ ಅಂದ್ರು ಮನ್ಯಾಗ. ಮಾವನವರು ಹಾಸಿಗಿ ಹಿಡದ ಎರಡು ವರ್ಷ ದಿನಾ ಮುಂಜಾನೆ ಚಾವಿ ಕೊಟ್ಟು ಅವರ ಕೈಗೆ ಕಟ್ಟಿದಾಕಿ ನಮ್ಮ ನಾದಿನಿ. ನಾ ಆಕಿ ಹೆಸರು ಹೇಳಿದೆ. ಅತ್ತಿಯವ್ರು ಹೂಂ ಅಂದಾರ. ಮೈದುನರು ಇನ್ನೂ ಮಾತಾಡಿಲ್ಲ.