ಓವರ್‌ಕ್ಲಾಕಿಂಗ್

ಕಂಪ್ಯೂಟರಿನ ಪ್ರೊಸೆಸರ್, ಗ್ರಾಫಿಕ್ಸ್ ಚಿಪ್ ಅಥವಾ ಮೆಮೊರಿಯನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸುವ ಕ್ರಮ. ಪ್ರೊಸೆಸರಿನ ವೇಗವೆಂದರೆ ಮೂಲ ಕ್ಲಾಕ್ ಮತ್ತು ಗುಣಕ ಇವುಗಳ ಗುಣಲಬ್ಧ. 1998ರ ಇಂಟೆಲ್ ಸೆಲೆರಾನ್ 300ಎ ಇದರ ಪ್ರಸಿದ್ಧ ನಿದರ್ಶನ: ಗುಣಕ 4.5ಕ್ಕೆ ಬಿಗಿಯಾಗಿದ್ದರೂ, ಮೂಲ ಕ್ಲಾಕ್ ಆದ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದಾಗ 300 ಮೆಗಾಹರ್ಟ್ಸ್‌ನ ಚಿಪ್ 450 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿತ್ತು.

ಅಪಾಯ: ವೇಗ ಏರಿಸಲು ಹಲವೊಮ್ಮೆ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಚಿಪ್ಪಿನ ವಿದ್ಯುತ್ ಬಳಕೆ ಸ್ಥೂಲವಾಗಿ ವೋಲ್ಟೇಜಿನ ವರ್ಗಕ್ಕೆ ಅನುಗುಣ; ವೋಲ್ಟೇಜ್ ಶೇ. 10 ಏರಿದರೆ ಬಳಕೆ ಸುಮಾರು ಶೇ. 21 ಏರುತ್ತದೆ. ಶಾಖ ಹೆಚ್ಚಿ ಚಿಪ್ಪಿನ ಆಯುಷ್ಯ ತಗ್ಗಬಹುದು, ವಾರಂಟಿಯೂ ಕೈತಪ್ಪಬಹುದು.

ನಿರ್ಧಾರ: ಇಂದಿನ ಪ್ರೊಸೆಸರ್‌ಗಳು ಅಗತ್ಯಕ್ಕೆ ತಕ್ಕಂತೆ ತಾವೇ ವೇಗ ಏರಿಸಿಕೊಳ್ಳುವುದರಿಂದ, ಓವರ್‌ಕ್ಲಾಕಿಂಗ್‌ನಿಂದ ಸಿಗುವ ಲಾಭ ಅಲ್ಪ. ಪತ್ರ, ಲೆಕ್ಕಪತ್ರ, ಇಂಟರ್‌ನೆಟ್ ಕೆಲಸಕ್ಕೆ ಇದು ಬೇಕಿಲ್ಲ. ಹಳೆಯ ಹಾರ್ಡ್ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸುವುದೇ ಮೇಲು.

ಕ್ರಮ: ಗುಣಕ ತೆರೆದಿರುವ ಚಿಪ್, ಅದಕ್ಕೊಪ್ಪುವ ಮದರ್‌ಬೋರ್ಡ್, ಒಳ್ಳೆಯ ಕೂಲರ್ ಇರಬೇಕು. ಮೊದಲು ಕಡತಗಳ ಬ್ಯಾಕಪ್. ನಂತರ ಬಯಾಸ್‌ನಲ್ಲಿ ಗುಣಕವನ್ನು ಒಂದೊಂದೇ ಮೆಟ್ಟಿಲು ಏರಿಸಿ, ಪ್ರತಿ ಸಲವೂ ಪ್ರೈಮ್95ರಂಥ ತಂತ್ರಾಂಶದಿಂದ ಪರೀಕ್ಷಿಸಿ ತಾಪಮಾನ ನೋಡಬೇಕು. ದೋಷ ಕಂಡರೆ ಒಂದು ಮೆಟ್ಟಿಲು ಇಳಿಯಬೇಕು. ಯಂತ್ರ ಶುರುವಾಗದಿದ್ದರೆ ಮದರ್‌ಬೋರ್ಡಿನ ಸಿಮಾಸ್ ಜಂಪರ್‌ನಿಂದ ಮೂಲ ಸ್ಥಿತಿಗೆ ಮರಳಿಸಬಹುದು.